ಶನಿವಾರದ ಫಾಲೋ-ಅಪ್

ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಾಗ ಒಂದು ಎಳೆ ಎರಡಾಗಿ ಕಂಡಿತು.

ಇದ್ದದ್ದು ಒಂದೇ ಎಳೆ.

ಕಣ್ಣು ಒರೆಸಿಕೊಂಡೆ. ಕಿಟಕಿಯ ಹತ್ತಿರ ಹೋಗಿ ಕೂತೆ. ಆಗಲೂ ಎರಡೇ. ಗಟ್ಟಿಯಾಗಿ ಒಂದು, ಅದರ ಕೆಳಗೆ ಅದರದೇ ಮಬ್ಬು ನೆರಳು. ಬಲಗಣ್ಣು ಮುಚ್ಚಿದರೆ ನೆರಳು ಹೋಗುತ್ತಿತ್ತು, ತೆರೆದರೆ ಬರುತ್ತಿತ್ತು. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಸೀರೆಗಳಿಗೆ ಕುಚ್ಚು ಹಾಕಿಕೊಡುತ್ತೇನೆ. ಜಯನಗರದ ಅಂಗಡಿಗಳಿಂದ ಬರುವ ಮದುವೆ ಸೀರೆಗಳೇ ಹೆಚ್ಚು. ರೇಷ್ಮೆ ಎಳೆ ಬಿಡಿಸಿ, ಮಣಿ ಪೋಣಿಸಿ, ಗಂಟು ಹಾಕುವ ಕೆಲಸ. ಎಳೆ ಕಾಣದಿದ್ದರೆ ನನಗೆ ಬೇರೆ ಯಾವ ವಿದ್ಯೆಯೂ ಬರುವುದಿಲ್ಲ.

ಅದಕ್ಕೆ ಒಂದು ವರ್ಷ ಹಿಂದೆ ನನ್ನ ಎರಡೂ ಕಣ್ಣಿಗೆ ಲೇಸರ್ ಆಪರೇಷನ್ ಆಗಿತ್ತು. ಲ್ಯಾಸಿಕ್. ಹೈಸ್ಕೂಲಿನಿಂದಲೂ ನನಗೆ ಮೈನಸ್ ಆರರ ಕನ್ನಡಕ. ಬಗ್ಗಿ ಕೂತರೆ ಬೆವರಿಗೆ ಜಾರಿ ಸೀರೆಯ ಮೇಲೆ ಬೀಳುತ್ತಿತ್ತು. ಅದನ್ನು ತೆಗೆದಿಟ್ಟು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಎಳೆಎಳೆಯೂ ನಿಚ್ಚಳವಾಗಿ ಕಾಣುತ್ತಿತ್ತು ನಿಜ, ಆದರೆ ಕತ್ತು ಹಿಡಿದುಕೊಳ್ಳುತ್ತಿತ್ತು. ಬಾಗಿಲಿಗೆ ಬಂದವರು ಯಾರೆಂದು ದನಿ ಕೇಳಿಯೇ ತಿಳಿಯಬೇಕಿತ್ತು. ಬರಿಗಣ್ಣಿನಲ್ಲಿ ಅಷ್ಟು ಹತ್ತಿರದ್ದನ್ನು ಅಷ್ಟು ಚೆನ್ನಾಗಿ ನೋಡುವುದು ದಪ್ಪ ಕನ್ನಡಕದವರಿಗೆ ಮಾತ್ರ ಇರುವ ಸೌಭಾಗ್ಯ, ಲೇಸರ್ ಆದ ಮೇಲೆ ಅದು ಹೋಗುತ್ತದೆ ಅಂತ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಹೋದ ಮೇಲೆ ನಾನೇ ಕಂಡುಕೊಂಡೆ.

ಕ್ಲಿನಿಕ್ ಇದ್ದದ್ದು ಜೆ.ಪಿ. ನಗರದಲ್ಲಿ. ಹೆಸರು ಬರೆಯುವುದಿಲ್ಲ. ಬರೆಯಬೇಕೆಂದು ಕೈ ತುರಿಸುತ್ತದೆ, ಆದರೂ ಬರೆಯುವುದಿಲ್ಲ. ಅಲ್ಲಿನ ಡಾಕ್ಟರು ಸದಾ ನಗುತ್ತಿದ್ದರು. ಏನು ಕೇಳಿದರೂ ನಗು. ಆಗ ಅದು ನನಗೆ ಧೈರ್ಯ ಕೊಟ್ಟಿತ್ತು.

ಮೊದಲ ಸ್ಕ್ಯಾನ್ ಮಾಡಿದ ಟೆಕ್ನಿಷಿಯನ್ ಪರದೆಯನ್ನು ತುಸು ಹೊತ್ತು ನೋಡಿದ. ಬಲಗಣ್ಣಿನ ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮುಂದಿನ ಗಾಜಿನಂಥ ಪದರ, ಕೆಳಭಾಗದಲ್ಲಿ ಸ್ವಲ್ಪ ಏರುಪೇರಾಗಿದೆ ಎಂದ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಹೀಗೆ ತೋರಿಸುವುದುಂಟು, ಎರಡು ವಾರ ಲೆನ್ಸ್ ಬಿಟ್ಟು ಬನ್ನಿ, ಮತ್ತೆ ಸ್ಕ್ಯಾನ್ ಮಾಡಿದರೆ ಲೆನ್ಸಿನದೋ ಕಣ್ಣಿನದೋ ಗೊತ್ತಾಗುತ್ತೆ ಅಂದ. ನಾದಿನಿಯ ಮದುವೆ ಆಗಷ್ಟೇ ಮುಗಿದಿತ್ತು. ಫೋಟೋಗಳಲ್ಲಿ ಕನ್ನಡಕ ಬೇಡವೆಂದು ನಾನು ಮದುವೆಯ ಓಡಾಟದಲ್ಲೆಲ್ಲ ಲೆನ್ಸನ್ನೇ ಹಾಕಿದ್ದೆ.

ಎರಡು ವಾರ ಕಾದರೆ ಆಷಾಢ ಬಂದುಬಿಡುತ್ತಿತ್ತು.

ಆಷಾಢದಲ್ಲಿ ಆಪರೇಷನ್ ಕೂಡದು ಅಂತ ಅತ್ತೆ ಹಟ ಹಿಡಿದರು. ಆಷಾಢ ಕಳೆಯುವವರೆಗೆ ಕಾಯೋಣವೆಂದರೆ ಶ್ರಾವಣ. ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ಆಳೆತ್ತರ ಬಂದು ಬೀಳುತ್ತವೆ, ಆಗ ಕಣ್ಣಿಗೆ ಕಟ್ಟು ಹಾಕಿಕೊಂಡು ಕೂರಲು ಆಗುತ್ತದೆಯೇ? ಆಷಾಢಕ್ಕೆ ಮುಂಚೆ ಮಾಡಿಸಿಕೊಂಡರೆ ಕೆಲಸವಿಲ್ಲದ ತಿಂಗಳಲ್ಲಿ ವಿಶ್ರಾಂತಿಯೂ ಸಿಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದು ಬಹಳ ಬುದ್ಧಿವಂತಿಕೆಯ ಲೆಕ್ಕ ಅನ್ನಿಸಿತು. ಕ್ಲಿನಿಕ್‌ನ ಕೌನ್ಸೆಲರ್ ಹುಡುಗಿಗೂ ಅನ್ನಿಸಿತು. ಆಷಾಢದಲ್ಲಿ ನಮ್ಮ ಆಪರೇಷನ್ ಥಿಯೇಟರ್ ಖಾಲಿ ಹೊಡೆಯುತ್ತೆ ಮೇಡಂ, ಎಲ್ಲರೂ ಅದಕ್ಕೆ ಮುಂಚೆಯೇ ಬರ್ತಾರೆ, ಈ ವಾರವೇ ಸ್ಲಾಟ್ ಕೊಡಿಸ್ತೀನಿ ಅಂದಳು. ಡಾಕ್ಟರು ಸ್ಕ್ಯಾನ್ ಮೇಲೆ ಕಣ್ಣಾಡಿಸಿದರು. ನಕ್ಕರು.

"ಲೆನ್ಸ್ ಎಫೆಕ್ಟ್ ಅಷ್ಟೇ ಮೇಡಂ. ಟೆನ್ಷನ್ ಬೇಡ."

ಎರಡನೇ ಸ್ಕ್ಯಾನ್ ಆಗಲೇ ಇಲ್ಲ.

ಆಪರೇಷನ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಡ್ರಾಪ್ಸ್ ಹಾಕಿ ಮರಗಟ್ಟಿಸಿದರು, ರೆಪ್ಪೆ ಮುಚ್ಚದಂತೆ ಕ್ಲಿಪ್ ಹಾಕಿದರು, ಲೈಟನ್ನೇ ನೋಡ್ತಾ ಇರಿ ಅಂದರು. ಕೂದಲು ಸುಟ್ಟಂಥ ವಾಸನೆ ಬಂತು. ಮುಗಿಯಿತು. ಮರುದಿನ ಬಾಲ್ಕನಿಯಲ್ಲಿ ನಿಂತು ಎದುರಿನ ಹೊಂಗೆ ಮರದ ಎಲೆಗಳನ್ನು ಬಿಡಿಬಿಡಿಯಾಗಿ ನೋಡಿದೆ. ತಿರುವಿನಲ್ಲಿ ಬಂದ ಬಸ್ಸಿನ ನಂಬರ್ ಓದಿದೆ. ಅತ್ತುಬಿಟ್ಟೆ. ಆ ಸಂತೋಷ ಸುಳ್ಳಲ್ಲ. ಅದು ಅಷ್ಟು ನಿಜವಾಗಿತ್ತು ಅನ್ನುವುದೇ ಇವತ್ತಿಗೂ ನನ್ನ ಹೊಟ್ಟೆ ಉರಿಸುವುದು.

ಆ ಕ್ಲಿನಿಕ್‌ನಲ್ಲಿ ಒಂದು ಪದ್ಧತಿ ಇದೆ. ಆಪರೇಷನ್ ಆದವರು ಮರುದಿನ ಚೆಕಪ್‌ಗೆ ಬಂದಾಗ ಹಳೆಯ ಕನ್ನಡಕವನ್ನು ದೊಡ್ಡ ಗಾಜಿನ ಜಾಡಿಗೆ ಹಾಕಿ, ಟಾಟಾ ಮಾಡಿ, ಎರಡು ಮಾತಾಡಬೇಕು. ಅದನ್ನು ರೀಲ್ ಮಾಡುತ್ತಾರೆ. ನಾನೂ ಮಾಡಿದೆ. ಮೈಸೂರು ಸಿಲ್ಕ್ ಉಟ್ಟುಕೊಂಡು ಹೋಗಿದ್ದೆ. ಎಲ್ಲಾ ಸಖತ್ ಕ್ಲಿಯರ್ ಕಾಣ್ತಿದೆ, ನೀವೂ ಮಾಡಿಸ್ಕೊಳ್ಳಿ ಅಂತ ಬಾಯಿತುಂಬ ನಗುತ್ತಾ ಹೇಳಿದೆ. ಅವರು ನನಗೆ ಜೀವನಪೂರ್ತಿ ಫ್ರೀ ಚೆಕಪ್ ಅಂತ ಒಂದು ಕಾರ್ಡ್ ಕೊಟ್ಟರು.

ಎಳೆ ಎರಡಾಗಿ ಕಂಡ ಮೇಲೆ ಆ ಕಾರ್ಡ್ ಹಿಡಿದುಕೊಂಡು ಹೋದೆ. ಡ್ರೈನೆಸ್ ಅಂದರು. ಡ್ರಾಪ್ಸ್ ಕೊಟ್ಟರು. ತಿಂಗಳು ಬಿಟ್ಟು ಹೋದೆ, ಡ್ರಾಪ್ಸ್ ಬದಲಾಯಿಸಿದರು. ಮೊಬೈಲ್ ಕಡಿಮೆ ಮಾಡಿ ಅಂದರು. ನಾನು ಮೊಬೈಲ್ ನೋಡುವುದೇ ಅಪರೂಪ ಅಂದರೆ, ಹಾಗಾದರೆ ಕುಚ್ಚು ಕಡಿಮೆ ಮಾಡಿ ಅಂದರು. ಅದಕ್ಕೂ ನಗು. ಅಷ್ಟರಲ್ಲಿ ಎಡಗಣ್ಣಿಗೂ ನೆರಳು ಬಂದಿತ್ತು. ಒಂದು ಸಂಜೆ ಬನಶಂಕರಿ ಬಸ್ ಸ್ಟ್ಯಾಂಡ್ ಮುಂದೆ ಸ್ಕೂಟರಿನಲ್ಲಿ ಬರುತ್ತಿದ್ದಾಗ ಎದುರಿನ ಗಾಡಿಗಳ ದೀಪಗಳೆಲ್ಲ ಬಾಲ ಬಿಟ್ಟುಕೊಂಡು ಒಂದರ ಮೇಲೊಂದು ಬಿದ್ದವು. ಯಾವ ದೀಪ ಯಾವ ಗಾಡಿಯದೆಂದು ತಿಳಿಯದೆ ಪಕ್ಕಕ್ಕೆ ನಿಲ್ಲಿಸಿ ಯಜಮಾನರಿಗೆ ಫೋನ್ ಮಾಡಿದೆ. ಅವರು ಆಟೋದಲ್ಲಿ ಬಂದು ಸ್ಕೂಟರ್ ಓಡಿಸಿಕೊಂಡು ಹೋದರು. ಮತ್ತೆ ನಾನದನ್ನು ಮುಟ್ಟಿಲ್ಲ.

ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ನನ್ನ ವಯಸ್ಸಿನವರೇ. ಸ್ಕ್ಯಾನ್ ನೋಡಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಎಕ್ಟೇಸಿಯಾ ಇದು. ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಉಬ್ಬಿದೆ. ಈಗ ನಿಲ್ಲಿಸದಿದ್ರೆ ಇನ್ನೂ ಉಬ್ಬುತ್ತೆ."

ಹಳೆಯ ಸ್ಕ್ಯಾನನ್ನೂ ಅವರಿಗೆ ತೋರಿಸಿದೆವು. ಟೆಕ್ನಿಷಿಯನ್ ಹೇಳಿದ್ದನ್ನೂ ಹೇಳಿದೆವು. ಅವರು ಇನ್ನೊಬ್ಬ ಡಾಕ್ಟರನ್ನು ಬೈಯಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕಿತ್ತು, ನೋಡಿದ್ದರೆ ಈ ಕಣ್ಣಿಗೆ ಲೇಸರ್ ಬೇಡ ಅಂತ ಬಹುಶಃ ಗೊತ್ತಾಗುತ್ತಿತ್ತು ಅಂತ ಮಾತ್ರ ಅಂದರು. ನನಗೆ ಅಷ್ಟು ಸಾಕಾಯಿತು.

ಸಿ3ಆರ್ ಅಂತ ಮಾಡಿದರು. ಕಣ್ಣಿಗೆ ಹಳದಿ ಔಷಧಿ ಹನಿಸಿ ನೇರಳೆ ಬೆಳಕು ಬಿಡುತ್ತಾರೆ, ಕಾರ್ನಿಯಾ ಗಟ್ಟಿಯಾಗುತ್ತದೆ. ಆಮೇಲಿನ ನೋವು ಕಣ್ಣಿಗೆ ಖಾರದಪುಡಿ ತುಂಬಿ ರೆಪ್ಪೆ ಹೊಲಿದ ಹಾಗೆ. ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿಸಿ ಮಲಗಿದ್ದೆ. ಅತ್ತೆ ಹೊತ್ತುಹೊತ್ತಿಗೆ ಬಂದು ಡ್ರಾಪ್ಸ್ ಹಾಕುತ್ತಿದ್ದರು. ಅವರು ರೆಪ್ಪೆ ಬಿಡಿಸುವಾಗಲೆಲ್ಲ ನಾನು ಕೇಳುತ್ತಿದ್ದೆ: "ಆಷಾಢ ಕಳೀತಾ ಅತ್ತೆ?" ಅವರು ಕೆನ್ನೆಗೆ ಇಳಿದ ಹನಿ ಒರೆಸಿ ಎದ್ದು ಹೋಗುತ್ತಿದ್ದರು. ಅವರಿಗೆ ನೋವಾಗಲಿ ಅಂತಲೇ ಕೇಳುತ್ತಿದ್ದೆ, ಆಗುತ್ತಿತ್ತು ಅಂತಲೂ ಗೊತ್ತಿತ್ತು.

ಎದ್ದು ಓಡಾಡುವಂತಾದ ಮೇಲೆ ಬನಶಂಕರಿ ದೇವಸ್ಥಾನಕ್ಕೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದೆ. ಸುತ್ತಲಿದ್ದ ಹೆಂಗಸರು ಮಗಳ ಮದುವೆ, ಗಂಡನ ಕೆಲಸ ಅಂತ ಬೇಡಿಕೊಳ್ಳುತ್ತಿದ್ದರು. ನನ್ನ ಕಣ್ಣಿನ ಬಗ್ಗೆ ನಾನು ಒಂದು ಮಾತೂ ಬೇಡಲಿಲ್ಲ. ಆ ಮನುಷ್ಯನ ನಗು ನಿಲ್ಲಲಿ ತಾಯಿ ಅಂತ ಬೇಡಿಕೊಂಡೆ.

ಕೋರ್ಟಿಗೆ ಹೋಗೋಣವೆಂದು ಒಬ್ಬ ವಕೀಲರನ್ನು ಕೇಳಿದೆವು. ಎಲ್ಲಕ್ಕೂ ಸಹಿ ಮಾಡಿಕೊಟ್ಟಿದ್ದೀರಿ, ವರ್ಷಗಟ್ಟಲೆ ಅಲೆಯಬೇಕಾಗುತ್ತೆ ಅಂದರು. ಯಜಮಾನರು ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಹಳೆಯ ಸ್ಕ್ಯಾನ್‌ಗಳ ಇನ್ನೊಂದು ಪ್ರತಿ ಬೇಕೆಂದು ಕ್ಲಿನಿಕ್‌ಗೆ ಹೋಗಿ ಕಾಯುತ್ತಾ ಕೂತಿದ್ದೆ. ಅದು ಶನಿವಾರ, ಹಾಲ್ ತುಂಬಿತ್ತು. ಗೋಡೆಯ ಟಿವಿಯಲ್ಲಿ ಒಂದೊಂದೇ ರೀಲ್ ಬರುತ್ತಿತ್ತು. ನನ್ನದೂ ಬಂತು. ಮೈಸೂರು ಸಿಲ್ಕ್ ಉಟ್ಟ ನಾನು ನಕ್ಕು ಕನ್ನಡಕವನ್ನು ಜಾಡಿಗೆ ಹಾಕಿದೆ. ಪಕ್ಕದಲ್ಲಿದ್ದ ಒಬ್ಬ ಹೆಂಗಸು ನನ್ನನ್ನೂ ಟಿವಿಯನ್ನೂ ನೋಡಿದರು.

"ನೀವೇ ಅಲ್ವಾ ಅದು? ಈಗ ಹೇಗಿದೆ?"

ಹೇಳಿದೆ. ದನಿ ಏರಿಸಲಿಲ್ಲ, ಅಳಲಿಲ್ಲ. ಲೆನ್ಸ್, ಸ್ಕ್ಯಾನ್, ಆಷಾಢ, ಎರಡು ಎಳೆ, ಎಲ್ಲವನ್ನೂ ಹೇಳಿದೆ. ಅವರು ಚೀಲ ಎತ್ತಿಕೊಂಡು, ಇನ್ನೊಂದು ಕಡೆ ತೋರಿಸಿ ಬರ್ತೀನಿ ಅಂತ ಎದ್ದು ಹೋದರು. ಬಹಳ ದಿನಗಳ ಮೇಲೆ ಅಂದು ನನಗೆ ಜೋರು ಹಸಿವಾಯಿತು. ಹೋಟೆಲಿಗೆ ಹೋಗಿ ಎರಡು ಮಸಾಲೆ ದೋಸೆ ತಿಂದೆ.

ಅಂದಿನಿಂದ ಪ್ರತಿ ಶನಿವಾರ ಫಾಲೋ-ಅಪ್ ತೆಗೆದುಕೊಂಡೆ. ಕಾರ್ಡ್ ಇತ್ತಲ್ಲ! ಟಿವಿಯ ಕೆಳಗಿನ ಕುರ್ಚಿಯಲ್ಲೇ ಕೂರುತ್ತಿದ್ದೆ. ನಾನಾಗಿ ಯಾರನ್ನೂ ಹೆದರಿಸಲಿಲ್ಲ. ಲೆನ್ಸ್ ಬಿಟ್ಟು ಎಷ್ಟು ದಿನ ಆಯ್ತು, ಸ್ಕ್ಯಾನ್ ಎರಡು ಸಲ ಆಯ್ತಾ ಅಂತ ಕೇಳುತ್ತಿದ್ದೆ, ಅಷ್ಟೇ. ಮೂರ್ನಾಲ್ಕು ವಾರಕ್ಕೆ ನನ್ನ ರೀಲ್ ಟಿವಿಯಿಂದ ಮಾಯವಾಯಿತು. ನನ್ನ ಮೊಬೈಲಿನಲ್ಲಿ ಅದು ಇತ್ತು, ಕೇಳಿದವರಿಗೆ ತೋರಿಸುತ್ತಿದ್ದೆ. ಆಮೇಲೆ ಸೆಕ್ಯುರಿಟಿಯವನು ಬಾಗಿಲಲ್ಲಿ ತಡೆದ. ಕಾರ್ಡ್ ತೋರಿಸಿದೆ. ಅವನು ಓದಿ, ಒಳಗೆ ಹೋಗಿ ಕೇಳಿಕೊಂಡು ಬಂದು, ದಾರಿ ಬಿಟ್ಟ.

ಕೊನೆಗೆ ಡಾಕ್ಟರೇ ಒಳಗೆ ಕರೆಸಿದರು. ಕಣ್ಣು ಪರೀಕ್ಷೆ ಮಾಡಲಿಲ್ಲ.

"ಮೇಡಂ, ನಿಮ್ಮ ಟ್ರೀಟ್‌ಮೆಂಟ್ ಬೇರೆ ಕಡೆ ನಡೀತಿದೆ. ಇಲ್ಲಿಗ್ಯಾಕೆ ಬರ್ತೀರಿ?"

"ಜೀವನಪೂರ್ತಿ ಅಂತ ನೀವೇ ಕೊಟ್ಟಿದ್ದೀರಲ್ಲ ಡಾಕ್ಟ್ರೇ. ನಾನಿನ್ನೂ ಬದುಕಿದ್ದೀನಿ."

ಅವರು ನಗಲಿಲ್ಲ.

ಎರಡನೇ ಸ್ಕ್ಯಾನ್ ಯಾಕೆ ಮಾಡಲಿಲ್ಲ ಅಂತ ಕೇಳಿದೆ. ನಿಮ್ಮ ಮನೆಯವರೇ ಆಷಾಢ ಆಷಾಢ ಅಂತ ಅವಸರ ಮಾಡಿದರು ಅಂದರು. ಅತ್ತೆಯನ್ನು ಅಷ್ಟು ದಿನ ಚುಚ್ಚಿದವಳು ನಾನೇ. ಆದರೂ ಆ ಬಾಯಲ್ಲಿ ಆ ಮಾತು ಕೇಳಿ ಮೈಯೆಲ್ಲ ಉರಿಯಿತು.

"ನಮ್ಮತ್ತೆಗೆ ಆಷಾಢ ಗೊತ್ತು ಡಾಕ್ಟ್ರೇ. ಕಾರ್ನಿಯಾ ಗೊತ್ತಿರಬೇಕಾದ್ದು ನಿಮಗೆ."

ಈಗ ನನಗೆ ಸ್ಕ್ಲೀರಲ್ ಲೆನ್ಸ್ ಬಂದಿದೆ. ಪುಟ್ಟ ಬಟ್ಟಲಿನ ಹಾಗಿದೆ. ಅದಕ್ಕೆ ಸಲೈನ್ ತುಂಬಿ, ತಲೆ ಬಗ್ಗಿಸಿ, ರಬ್ಬರಿನ ಕಡ್ಡಿಯಿಂದ ಕಣ್ಣಿಗೆ ಕೂರಿಸಿಕೊಳ್ಳಬೇಕು. ಮೊದಮೊದಲು ಅರ್ಧ ಬೆಳಿಗ್ಗೆ ಅದಕ್ಕೇ ಹೋಗುತ್ತಿತ್ತು. ಕೂತ ಮೇಲೆ ಒಂದು ಎಳೆ ಒಂದೇ ಎಳೆಯಾಗಿ ಕಾಣುತ್ತದೆ. ಸಂಜೆ ತೆಗೆದಿಡಲೇಬೇಕು, ತೆಗೆದರೆ ಮನೆಯವರ ಮುಖಗಳಿಗೂ ನೆರಳು ಬೀಳುತ್ತದೆ. ಉಬ್ಬು ನಿಂತಿದೆ, ನಿಂತೇ ಇರುತ್ತದೆ ಅಂತ ಮಾತು ಕೊಡಲಾರೆ ಎಂದಿದ್ದಾರೆ ಡಾಕ್ಟರಮ್ಮ. ಮಾತು ಕೊಡದ ಡಾಕ್ಟರನ್ನು ನಾನು ಈಗ ನಂಬುತ್ತೇನೆ. ಅರ್ಧದಷ್ಟು ಸೀರೆ ಒಪ್ಪಿಕೊಳ್ಳುತ್ತೇನೆ. ಅಷ್ಟಾದರೂ ಉಳಿಯಿತಲ್ಲ ಅಂತ ದೇವರಿಗೆ ಕೈ ಮುಗಿಯುತ್ತೇನೆ.

ಸ್ಕೂಟರ್ ಬಿಟ್ಟ ಮೇಲೆ ಶನಿವಾರಗಳಲ್ಲಿ ಅತ್ತೆಯೇ ಜೊತೆಗೆ ಬರುತ್ತಾರೆ. ಹಾಲ್‌ನಲ್ಲಿ ಒಂದು ಮಾತೂ ಆಡದೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಈ ಸಲ ಆಷಾಢ ಹತ್ತಿರ ಬಂದಾಗ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಎದುರಿಗೆ ಒಬ್ಬ ಹುಡುಗಿ ತನ್ನ ತಾಯಿಯ ಜೊತೆ ಬಂದು ಕೂತಳು. ನಿಶ್ಚಿತಾರ್ಥ ಆಗಿದೆಯಂತೆ. ಹಿಂದಿನ ದಿನದವರೆಗೂ ಲೆನ್ಸ್ ಹಾಕಿದ್ದಾಳೆ. ಕೆಲವು ದಿನ ಬಿಟ್ಟು ಬಂದು ಮತ್ತೆ ಸ್ಕ್ಯಾನ್ ಮಾಡಿಸಿ ಅಂತ ಟೆಕ್ನಿಷಿಯನ್ ಹೇಳಿದ್ದಾನೆ. ಅಷ್ಟರಲ್ಲಿ ಆಷಾಢ ಬಂದುಬಿಡುತ್ತಲ್ಲ, ಈಗಲೇ ಮಾಡಿ ಅಂತ ಡಾಕ್ಟರನ್ನು ಕೇಳಿಕೊಳ್ಳೋಣ ಅಂತ ತಾಯಿ ಹೇಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ಅವರ ಮುಂದೆ ನಿಂತಿದ್ದರು.

"ಆಷಾಢ ಬಂದ್ರೆ ಬರ್ಲಿ ಕಣಮ್ಮ, ಕಾಯಿ. ನಾನೂ ಹಿಂಗೇ ಅವಸರ ಮಾಡ್ದೆ. ಇವಳು ನನ್ನ ಸೊಸೆ. ಒಂದ್ಸಲ ಇವಳನ್ನ ಕೇಳಿ ನೋಡು."

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ದಿನವೂ ನನ್ನೆದುರು ಆಡದ ಮಾತನ್ನು ಅತ್ತೆ ಅಷ್ಟು ಜನರ ಮುಂದೆ ಆಡಿದ್ದರು. ತಾಯಿ ನನ್ನನ್ನು ಕೇಳಿದರು, ನಾನು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವರಿಬ್ಬರೂ ಎದ್ದು ಹೋದರು. ಹುಡುಗಿ ಮುಖ ಊದಿಸಿಕೊಂಡಿದ್ದಳು. ಅವಳ ಕಣ್ಣಿನಲ್ಲಿ ಏನೂ ದೋಷ ಇಲ್ಲದೆಯೂ ಇರಬಹುದು. ಆದರೆ ನಿಜ ಹೇಳುತ್ತೇನೆ, ಅವಳ ಕಣ್ಣು ಉಳಿದೀತು ಅನ್ನುವುದಕ್ಕಿಂತ ಕ್ಲಿನಿಕ್‌ನ ಒಂದು ಸ್ಲಾಟ್ ಖಾಲಿಯಾಯಿತು ಅನ್ನುವುದೇ ನನಗೆ ಮೊದಲು ಖುಷಿ ಕೊಟ್ಟಿತು.

ಮನೆಗೆ ಬರುವಾಗ ಆಟೋದಲ್ಲಿ ಅತ್ತೆಯ ಕೈ ಹಿಡಿದುಕೊಂಡೆ. ಅವರೂ ಬಿಡಿಸಿಕೊಳ್ಳಲಿಲ್ಲ. ಅವರ ಮೇಲಿನ ಸಿಟ್ಟು ಅಲ್ಲಿಗೆ ಮುಗಿಯಿತು. ಡಾಕ್ಟರನ್ನೂ ಕ್ಷಮಿಸಿಬಿಡು, ನಿನಗೇ ನೆಮ್ಮದಿ ಅಂತ ಯಜಮಾನರು ಆಗಾಗ ಹೇಳುತ್ತಾರೆ. ಒಳ್ಳೆಯ ಮನುಷ್ಯ, ಅವರಿಗೆ ತಿಳಿಯುವುದಿಲ್ಲ. ನನಗೆ ನೆಮ್ಮದಿ ಇರುವುದೇ ಶನಿವಾರಗಳಲ್ಲಿ.