ಕಮಲತ್ತೆಯ ಇಟಲಿ ಸೈಕಲ್

ಫ್ರೇಮನ್ನು ತಲೆಕೆಳಗು ಮಾಡಿ ಅಲುಗಾಡಿಸಿದಾಗ ಸೀಟಿನ ಕೊಳವೆಯೊಳಗಿಂದ ಒಂದು ಹಿಡಿ ಕಪ್ಪು ಪುಡಿ ಹಳೆಯ ಪತ್ರಿಕೆಯ ಮೇಲೆ ಸುರಿಯಿತು. ತುಕ್ಕು ಇರಬೇಕೆಂದು ಬೆರಳಿಗೆ ಹಚ್ಚಿ ಮೂಸಿದೆ. ತುಕ್ಕಲ್ಲ, ರೇಷ್ಮೆಹುಳುವಿನ ಹಿಕ್ಕೆ. ಅದರ ಜೊತೆ ಒಣಗಿ ಪುಡಿಯಾದ ಹಿಪ್ಪುನೇರಳೆ ಸೊಪ್ಪು. ಮಾಲೂರಿನ ನನ್ನ ಮನೆಯ ವರಾಂಡದಲ್ಲಿ ಕೂತಿದ್ದವಳಿಗೆ ಹುತ್ತೂರಿನ ಹತ್ತಿರದ ನಮ್ಮೂರಿನ ಹುಳುಮನೆ ಎದುರಿಗೆ ಬಂದು ನಿಂತಂತಾಯಿತು. ಸಗಣಿ ಸಾರಿಸಿದ ನೆಲ, ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ತಟ್ಟೆ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ಸೊಪ್ಪು ಮೇಯುವಾಗ ಸಣ್ಣ ಮಳೆ ಬಿದ್ದಂತೆ ಕೇಳುತ್ತಿದ್ದ ಸದ್ದು. ಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಗುವ ದಿನಗಳಲ್ಲಿ ನಾವು ಮಕ್ಕಳು ಜೋರಾಗಿ ಮಾತಾಡುವಂತಿರಲಿಲ್ಲ, ಅಡುಗೆಮನೆಯಲ್ಲಿ ಒಗ್ಗರಣೆಯನ್ನೂ ಹಾಕುವಂತಿರಲಿಲ್ಲ. ಇಡೀ ಮನೆಯೇ ಆ ಹುಳುಗಳಿಗೆ ತಗ್ಗಿ ನಡೆಯುತ್ತಿತ್ತು. ಅಂಥದೊಂದು ಮನೆಯಲ್ಲಿ ಬೆಳೆದವರಾಗಿದ್ದರೆ ನಿಮಗೂ ಗೊತ್ತಿರುತ್ತದೆ, ಆ ವಾಸನೆ ಬಟ್ಟೆಯನ್ನು ಬಿಟ್ಟರೂ ಮೈಯನ್ನು ಬಿಡುವುದಿಲ್ಲ.

ಕಮಲತ್ತೆ ಅಪ್ಪನ ಒಬ್ಬಳೇ ತಂಗಿ. ಕುಳ್ಳಗೆ, ಕೋಲುಮುಖ, ಬೆರಳುಗಳು ಮಾತ್ರ ಉದ್ದ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದಂಥ ಎಳೆಯ ತುದಿಯನ್ನು ಹೆಕ್ಕುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ಕೆರೆಯಾಚೆ ಹೊಸದಾಗಿ ಒಂದು ನೂಲು ಬಿಚ್ಚುವ ಘಟಕ ಶುರುವಾದಾಗ ಕೆಲಸಕ್ಕೆ ಸೇರಿದ ಹನ್ನೆರಡು ಹೆಂಗಸರಲ್ಲಿ ಅವಳೂ ಒಬ್ಬಳು. ಯಂತ್ರಗಳು ಇಟಲಿಯವು. ಅವನ್ನು ಜೋಡಿಸಲು ಅಲ್ಲಿಂದಲೇ ಒಬ್ಬ ಬಂದಿದ್ದ. ತುಂಬ ಎತ್ತರದ ಆಳು. ಒಮ್ಮೆ ಗೂಡು ನೋಡಲೆಂದು ನಮ್ಮ ಮನೆಗೆ ಬಂದವನು ಬಾಗಿಲಿಗೆ ತಲೆ ತಗ್ಗಿಸಿ, ಹುಳುಮನೆಯಲ್ಲಿ ಬೆನ್ನು ಬಗ್ಗಿಸಿಕೊಂಡೇ ನಿಂತಿದ್ದ. ಭಾಷೆ ಬಾರದಿದ್ದರೂ ಯಂತ್ರದ ಕೆಲಸವನ್ನು ಎಲ್ಲರಿಗಿಂತ ಮೊದಲು ಕಲಿತವಳು ಕಮಲತ್ತೆ. ಅವನು ಊರಿಗೆ ಹೋಗಿ, ಮರುವರ್ಷ ಬಿಡಿಭಾಗಗಳ ಪೆಟ್ಟಿಗೆಗಳ ಜೊತೆ ಮತ್ತೆ ಬಂದ. ಆ ಪೆಟ್ಟಿಗೆಗಳೊಂದರಲ್ಲಿ ಸೈಕಲ್ ಇತ್ತೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತು ಮಾಡಿಸಿದವಳು ನಾನು. ಆಗ ನನಗೆ ಹತ್ತು ವರ್ಷ. ಒಂದು ಬೆಳಿಗ್ಗೆ ಹಟ ಮಾಡಿ ಅತ್ತೆಯ ಜೊತೆ ಹೊರಟೆ. ಕೆರೆ ಏರಿಯ ತುದಿಯಲ್ಲಿ, ಘಟಕದಲ್ಲಿ ಜೊತೆಗೆ ದುಡಿಯುತ್ತಿದ್ದ ಅವಳ ಗೆಳತಿ ಮುನಿಯಮ್ಮನ ಗುಡಿಸಲು. ಅಲ್ಲಿಂದ ಅತ್ತೆ ಹಸಿರು ಬಣ್ಣದ, ಟಗರಿನ ಕೊಂಬಿನಂಥ ಹ್ಯಾಂಡಲ್ಲಿದ್ದ ಸೈಕಲ್ಲನ್ನು ಹೊರಗೆ ತಂದಳು. ಸೀರೆಯನ್ನು ಕಚ್ಚೆ ಹಾಕಿ, ಅಡ್ಡ ಕಂಬಿಯ ಮೇಲೆ ಕಾಲು ಹಾರಿಸಿ ಹತ್ತಿದಳು. ಏರಿಯ ಮೇಲೆ ಅವಳು ಹೋದ ರಭಸ ನೋಡಿ ನಾನು ಚಪ್ಪಾಳೆ ತಟ್ಟಿ ಕುಣಿದೆ. ಯಾರಿಗೂ ಹೇಳಬೇಡ ಎಂದು ಅವಳು ಹೇಳಿಕೊಟ್ಟಿದ್ದಳು. ಆದರೆ ಸಂಜೆ ತಾತ ಜಗಲಿಯ ಮೇಲೆ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. "ತಾತಾ, ನಮ್ಮತ್ತೆ ಬಸ್ಸಿಗಿಂತ ಜೋರಾಗಿ ಸೈಕಲ್ ಹೊಡೀತಾಳೆ!" ಅಂದೆ. ಅದು ಚಾಡಿಯಲ್ಲ, ಹೆಮ್ಮೆ. ಆದರೇನು?

ಮರುದಿನ ಆ ಸೈಕಲ್ ನಮ್ಮ ಅಂಗಳಕ್ಕೆ ಬಂತು. "ಯಾರು ಕೊಟ್ಟಿದ್ದು? ಆ ಪರದೇಶಿ ನಿಂಗ್ಯಾಕೆ ಕೊಡ್ತಾನೆ?" ಎಂದು ತಾತ ಕೇಳಿದಾಗ ಅತ್ತೆ ತಲೆ ತಗ್ಗಿಸಲಿಲ್ಲ. "ಯಾರೂ ಕೊಟ್ಟಿದ್ದಲ್ಲ ಅಪ್ಪ. ನಾನು ದುಡಿದಿದ್ದು," ಎಂದಳು.  ಅಷ್ಟು ಹೊತ್ತಿಗೆ ಬೀದಿಯ ಬಾಯಿಗೆ ಬೇಕಾದಷ್ಟು ಸಿಕ್ಕಿಹೋಗಿತ್ತು. ತಾತ ಚಕ್ರ, ಹ್ಯಾಂಡಲ್ಲು, ಪೆಡಲು ಎಲ್ಲವನ್ನೂ ಬಿಚ್ಚಿಸಿ ಗುಜರಿಯವನಿಗೆ ಹಾಕಿ, ಉಳಿದ ಫ್ರೇಮನ್ನು ಹುಳುಮನೆಯ ಅಟ್ಟಕ್ಕೆ ಎಸೆದರು. ಅತ್ತೆಯನ್ನು ಕೆಲಸ ಬಿಡಿಸಿದರು. ಆರು ತಿಂಗಳೊಳಗೆ ಮುಳಬಾಗಿಲ ಕಡೆ, ಹೆಂಡತಿ ತೀರಿಹೋಗಿದ್ದವರೊಬ್ಬರಿಗೆ ಕೊಟ್ಟು ಮದುವೆ ಮಾಡಿದರು. ಅವಳು ಮೊದಲ ಸಲ ತವರಿಗೆ ಬಂದಾಗ ನಾನು ಅವಳೆದುರು ಹೋಗದೆ ಸೊಪ್ಪಿನ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ. ಅವಳೇ ಹುಡುಕಿಕೊಂಡು ಬಂದು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾ, "ನೀನೇನು ಸುಳ್ಳು ಹೇಳ್ದೇನೇ? ನಿಜಾನೇ ಹೇಳ್ದೆ ಕಣೇ," ಎಂದಳು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಹೋದ ವರ್ಷ ಮನೆ ಪಾಲಾಗಿ, ಹುಳುಮನೆಯ ಸಮೇತ ಎಲ್ಲವನ್ನೂ ಕೆಡವುವಾಗ ಮುರಿದ ಚಂದ್ರಿಕೆಗಳ ಜೊತೆ ಈ ಫ್ರೇಮು ಕೆಳಗೆ ಬಿತ್ತು. ಅಣ್ಣಂದಿರು ತೊಲೆ, ಬಾಗಿಲುಗಳನ್ನು ನೋಡುತ್ತಿದ್ದರು. ನಾನು ಇದನ್ನು ಹೆಗಲಿಗೇರಿಸಿಕೊಂಡು ಬಸ್ ಹತ್ತಿದೆ. ಇದನ್ನು ಮತ್ತೆ ರಸ್ತೆಗೆ ಇಳಿಸಿಯೇ ತೀರುತ್ತೇನೆ ಎಂದು ಆಗಲೇ ನಿಶ್ಚಯಿಸಿದ್ದೆ. ಇದು ಯಾವ ಸೈಕಲ್, ಯಾರು ಮಾಡಿದ್ದು, ಅತ್ತೆ ದುಡಿದಿದ್ದು ಎಂದಳಲ್ಲ, ಆ ಮಾತಿನ ಅರ್ಥವೇನು? ನನಗೆ ಎಲ್ಲವೂ ತಿಳಿಯಬೇಕಿತ್ತು.

ಕೋಲಾರದ ಕ್ಲಾಕ್ ಟವರ್ ಹತ್ತಿರ ಐವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿರುವ ಪ್ಯಾರೇಜಾನ್ ಸಾಬರು ಫ್ರೇಮನ್ನು ಒಂದೇ ಬೆರಳಲ್ಲಿ ಎತ್ತಿ ತೂಗಿದರು. ಪೆಡಲಿನ ಅಚ್ಚು ಕೂರುವ ಜಾಗದಲ್ಲಿ, ಅಚ್ಚನ್ನು ಎರಡು ಕಡೆ ಹಿಡಿದಿಡುವ ತಿರುಪಿನ ಬಟ್ಟಲುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. "ಗ್ಯಾಸಲ್ಲಿ ಸುಟ್ಟು ತೆಗೀಬೇಕು ಮೇಡಮ್ಮೋರೆ, ಬೇರೆ ದಾರಿ ಇಲ್ಲ," ಎಂದರು. ಬಣ್ಣ ಸುಡುವುದು ಬೇಡ ಎಂದೆ. ಮೂರು ವಾರ ಪ್ರತಿದಿನ, ನಾನು ಪಾಠ ಮಾಡುವ ಶಾಲೆಯಿಂದ ಬಂದವಳೇ ಸೀಮೆಎಣ್ಣೆ ತೊಟ್ಟಿಕ್ಕಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದೆ. ಮತ್ತೆ ಕೋಲಾರಕ್ಕೆ ಒಯ್ದ ದಿನ ಸಾಬರು ಪಾನಾ ಹಾಕಿ ಮೈಭಾರವನ್ನೆಲ್ಲ ಬಿಟ್ಟಾಗ ಒಂದು ಬಟ್ಟಲು ಕಿರ್ರೆಂದು ಕದಲಿತು. ಇನ್ನೊಂದನ್ನೂ ಬಿಚ್ಚಿ, ಅವರು ಅಚ್ಚರಿಯಿಂದ ಕೂಗಿದರು: "ನೋಡಿ ಇಲ್ಲಿ! ನಮ್ ಸೈಕಲ್‌ಗೆ ಒಂದು ಕಡೆ ತಿರುಪಿನ ಮರೆ ಸೀದಾ ಇದ್ರೆ ಇನ್ನೊಂದು ಕಡೆ ಉಲ್ಟಾ ಇರ್ತದೆ. ಇದಕ್ಕೆ ಎರಡೂ ಕಡೆ ಒಂದೇ ಥರ. ಇಂಥದ್ದು ನನ್ ಸರ್ವೀಸಲ್ಲೇ ನೋಡಿಲ್ಲ." ಫ್ರೇಮಿನ ಆ ಜಾಗದ ತಳದಲ್ಲಿ ಎಲೆಯ ಆಕಾರದ ಒಂದು ಸಣ್ಣ ಕಿಂಡಿ ಕೊರೆದಿದ್ದರು.

ಹಳೆಯ ಸೈಕಲ್ಲುಗಳ ಹುಚ್ಚಿರುವವರ ಗುಂಪೊಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅಳತೆ, ಫೋಟೋ ಎಲ್ಲ ಹಾಕಿದೆ. ಇಟಲಿಯ ಮುದುಕರೊಬ್ಬರು ಉತ್ತರ ಬರೆದರು. ಎರಡೂ ಕಡೆ ತಿರುಪು ಒಂದೇ ದಿಕ್ಕಿಗಿರುವುದು ತಮ್ಮ ದೇಶದ ಪದ್ಧತಿ. ಎಲೆಯ ಕಿಂಡಿ ತಮ್ಮ ಕಡೆಯ ರೇಷ್ಮೆ ಪಟ್ಟಣವೊಂದರಲ್ಲಿ ಎಂದೋ ಮುಚ್ಚಿಹೋದ ಸಣ್ಣ ಕಾರ್ಖಾನೆಯ ಗುರುತು. ಅಲ್ಲಿ ಸವಾರರ ಮೈಯಳತೆ ತೆಗೆದುಕೊಂಡೇ ಒಂದೊಂದು ಫ್ರೇಮನ್ನೂ ಕೈಯಲ್ಲಿ ಬೆಸೆಯುತ್ತಿದ್ದರು ಎಂದು ತಿಳಿಸಿದರು. ಕೊನೆಗೆ ಹೀಗೆ ಕೇಳಿದ್ದರು: ಇದು ಬಹಳ ಚಿಕ್ಕದು, ಇದರ ಸವಾರರು ಯಾರು? ಬಾಗಿಲಿಗೆ ತಲೆ ತಗ್ಗಿಸಿದ್ದ ಆ ಎತ್ತರದ ಮನುಷ್ಯನಿಗೆ ಇದು ಎಂದೂ ಆಗುತ್ತಿರಲಿಲ್ಲ. ತನ್ನ ಹಳೆಯ ಸೈಕಲ್ಲನ್ನು ಅವನು ಬಿಟ್ಟುಹೋಗಿದ್ದಲ್ಲ, ಅತ್ತೆಯ ಅಳತೆಗೇ ಮಾಡಿಸಿ ತಂದಿದ್ದು.

ಆ ವಾರವೇ ಹಸಿರು ಬಣ್ಣಕ್ಕೆ ಕೈ ಹಾಕಿದೆ. ಅದು ಕಾರ್ಖಾನೆಯ ಬಣ್ಣವಲ್ಲ, ಕಿಟಕಿಗೆ ಬಳಿಯುವ ಅಗ್ಗದ ಬಣ್ಣ. ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ, ಒಂದೊಂದೇ ಅಂಗುಲ ಒರೆಸುತ್ತಾ ಹೋದೆ. ಕೆಳಗೆ ಮೋಡವಿಲ್ಲದ ಆಕಾಶದಂಥ ತಿಳಿನೀಲಿ. ನಾಲ್ಕನೆಯ ಭಾನುವಾರ ಅಡ್ಡ ಕಂಬಿಯ ಮೇಲೆ ಬಿಳಿಯ ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಮಾಯೆಸ್ತ್ರ ಕಮಲಾ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು.  ಮೊದಲ ಪದದ ಅರ್ಥವನ್ನು ಇಟಲಿಯ ಆ ಹಿರಿಯರನ್ನೇ ಕೇಳಿದೆ. ಅವರು ಬರೆದರು: ನಮ್ಮ ಹಳೆಯ ರೇಷ್ಮೆ ಗಿರಣಿಗಳಲ್ಲಿ ಉಳಿದ ಹೆಂಗಸರಿಗೆ ನೂಲು ಬಿಚ್ಚಲು ಕಲಿಸಿ ನಡೆಸುತ್ತಿದ್ದವಳನ್ನು ಹಾಗೆ ಕರೆಯುತ್ತಿದ್ದರು, ಅದು ಪ್ರೀತಿಗೆ ಕರೆಯುವ ಹೆಸರಲ್ಲ, ಕೆಲಸದಿಂದ ಬರುವ ಪದವಿ, ನನ್ನ ಅಜ್ಜಿಯೂ ಹಾಗೆ ಕರೆಸಿಕೊಂಡವಳು.

ಮುನಿಯಮ್ಮ ಈಗ ಟೇಕಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಚಕ್ರ, ಬ್ರೇಕು, ಸೀಟು ಎಲ್ಲ ಊರೂರು ಹುಡುಕಿ ತರಿಸಿ, ಸಾಬರ ಕೈಯಲ್ಲಿ ಜೋಡಿಸಿ, ಒಂದು ಮಧ್ಯಾಹ್ನ ಸೈಕಲ್ಲನ್ನು ಅವರ ಬಾಗಿಲಿಗೆ ಒಯ್ದೆ. ಅವರಿಗೆ ಓದು ಬಾರದು. ಆದರೂ ಅಕ್ಷರಗಳ ಮೇಲೆ ಬೆರಳಾಡಿಸಿ, "ಅಯ್ಯೋ ತಲ್ಲೀ, ಇದನ್ನ ಮುಚ್ಚಿದ್ದೋಳು ನಾನೇ ಕಣೇ," ಎಂದರು. "ಹೆಸರು ನೋಡಿದ್ರೆ ಜನ ಏನೇನೋ ಅಂತಾರೆ, ಬಳಿದುಬಿಡು ಅಂದ್ಳು ನಿಮ್ಮತ್ತೆ. ಘಟಕದ ಕಿಟಕಿಗೆ ತಂದಿದ್ದ ಬಣ್ಣ ಮಿಕ್ಕಿತ್ತು. ನಾ ಬಳೀತಾ ಇದ್ರೆ ಅವಳು ಆ ಕಡೆ ತಿರುಗಿ ನಿಂತಿದ್ಳು." ಆಮೇಲೆ ಹ್ಯಾಂಡಲ್ಲನ್ನು ತಡವಿ ಕೇಳಿದರು: "ಬೆಲ್ ಎಲ್ಲೇ ಇದಕ್ಕೆ? ನಮಗೆಲ್ಲ ಕೆಲಸ ಕಲಿಸಿದ್ದೋಳೇ ಅವಳು. ನಿಮ್ಮತ್ತೆ ಗೇಟ್ ಹತ್ರ ಬೆಲ್ ಹೊಡೆದ್ರೆ ಒಳಗೆ ನಾವು ಹನ್ನೊಂದು ಜನಾನೂ ಎದ್ದು ನಿಂತ್ಕೋತಿದ್ವಿ. ಆಮೇಲೇ ಗೂಡು ಬೇಯ್ಸೋ ಒಲೆಗೆ ಬೆಂಕಿ."

ಇಂಥ ಸೈಕಲ್ಲಿಗೆ ಬೆಲ್ಲು ಹಾಕಬಾರದು, ಅಂದ ಕೆಡುತ್ತದೆ ಎಂದು ಗುಂಪಿನವರೆಲ್ಲ ಹೇಳಿದರು. ಹಾಕಿಸಿದೆ. ಸಾಬರ ಅಂಗಡಿಯಲ್ಲಿದ್ದ ಮಾಮೂಲಿ ಹಿತ್ತಾಳೆಯ ಬೆಲ್ಲು. ಹೋದ ಭಾನುವಾರ ಬೆಳಿಗ್ಗೆ, ಐವತ್ತು ದಾಟಿದ ನಾನು, ಎರಡು ಸಲ ಬಿದ್ದು ಮಂಡಿ ತರಚಿಕೊಂಡು, ಮೂರನೆಯ ಸಲಕ್ಕೆ ನಮ್ಮೂರಿನ ಕೆರೆ ಏರಿಯ ಮೇಲೆ ಪೂರ್ತಿ ಹೊಡೆದೆ. ನಮ್ಮ ಮನೆಯಿದ್ದ ಜಾಗ ದೂರದಿಂದ ಬಯಲಾಗಿ ಕಂಡಿತು. ಘಟಕದ ಕಟ್ಟಡ ಇನ್ನೂ ನಿಂತಿದೆ, ಈಗ ಅಲ್ಲಿ ಟೊಮೆಟೊ ಕ್ರೇಟು ಪೇರಿಸುತ್ತಾರೆ. ಗೇಟಿನ ಹತ್ತಿರ ಬಂದು ಬೆಲ್ ಹೊಡೆದೆ. ಕ್ರೇಟು ಹೊರುತ್ತಿದ್ದ ಇಬ್ಬರು, ದಾರಿ ಬೇಕೇನೋ ಎಂದುಕೊಂಡು ಪಕ್ಕಕ್ಕೆ ಸರಿದರು. ಎದ್ದು ನಿಲ್ಲುವವರು ಒಳಗೆ ಯಾರೂ ಇರಲಿಲ್ಲ. ನಾನು ಇನ್ನೊಮ್ಮೆ, ನಿಧಾನವಾಗಿ, ಬೆಲ್ ಹೊಡೆದು ಮುಂದೆ ತುಳಿದೆ.