ಗೋಡೆಯ ಆಚೆ ಬದಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವೇಲ್ಸ್‌ನ ಈ ಕಣಿವೆಯಲ್ಲಿ ಬೆಳಗಾಗುವುದೆಂದರೆ ಕಪ್ಪು ಆಕಾಶ ಬೂದಿ ಬಣ್ಣಕ್ಕೆ ತಿರುಗುವುದು, ಅಷ್ಟೇ. ಪಾಳು ಅಡುಗೆಮನೆಯೊಂದರಲ್ಲಿ ಮೆರಿಯಲ್ ಪ್ರೊದರೊ ಮಂಡಿಯೂರಿ, ಸಣ್ಣ ಕರಣೆಯಿಂದ ಗೋಡೆ ಕೆರೆಯುತ್ತಿದ್ದಾರೆ.

ಕಬ್ಬಿಣದ ಕುಲುಮೆಯ ಕೂಲಿಗಳಿಗೆಂದು ಕಟ್ಟಿದ ಸಾಲುಮನೆಗಳಿವು. ಪಾಯವಿಲ್ಲ, ಕುಲುಮೆಯ ಕಿಟ್ಟದ ಮೇಲೇ ಎದ್ದಿವೆ. ಹೊಸ ರಸ್ತೆಗಾಗಿ ಈಗ ಎಲ್ಲವೂ ನೆಲಸಮವಾಗಲಿವೆ. ಅದಕ್ಕೆ ಮುಂಚೆ ಯಾವ ಗೋಡೆ ಮೊದಲು ಎದ್ದಿತು, ಯಾವುದು ಆಮೇಲೆ ಬಂತು ಎಂದು ಬಿಚ್ಚಿ ನೋಡುವುದು ಉತ್ಖನನ ತಂಡದ ಈ ದಿನಗೂಲಿಯ ಕೆಲಸ. ತಾವು ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಹಿಡಿದದ್ದು. "ಮಂಡಿ ಸವೆದುಹೋಗಿದೆ. ಚಳಿಗಾಲದಲ್ಲಿ ಬೆರಳು ನಂದೋ ಅಲ್ವೋ ಗೊತ್ತಾಗಲ್ಲ," ಎನ್ನುತ್ತಾರೆ.

ಸಾಲಿನ ಕೊನೆಯ ನಿವಾಸಿ, ಎಂಬತ್ತು ದಾಟಿದ ಇಡ್ವಲ್ ಬೀವನ್, ಮನೆ ಖಾಲಿ ಮಾಡಿದರೂ ದಿನಾ ಬಂದು ನಿಲ್ಲುತ್ತಾರೆ. "ಏನಮ್ಮಣ್ಣಿ, ನಮ್ಮಪ್ಪ ಹೂತಿಟ್ಟ ಬಂಗಾರ ಸಿಕ್ತಾ?"

"ಇಲ್ಲ ತಾತ, ಇಲಿ ಸಿಕ್ತು. ಪಾಲು ಬೇಕಾ?"

ಒಂದು ದಿನ ಮಾತ್ರ ನಗು ಬರಲಿಲ್ಲ. ಇಡ್ವಲ್ ಮನೆಗೂ ಪಕ್ಕದಲ್ಲಿದ್ದ ಅವರ ಚಿಕ್ಕಮ್ಮ ಒಲ್ವೆನ್ ಮನೆಗೂ ನಡುವಿನ ಗೋಡೆಯಲ್ಲಿ ಮುಚ್ಚಿದ ಬಾಗಿಲೊಂದು ಕಂಡಿತು.

"ಗೊತ್ತು," ಅಂದರು ಇಡ್ವಲ್. "ನಾನು ತೊಟ್ಟಿಲಲ್ಲಿದ್ದಾಗ ಚಿಕ್ಕಮ್ಮನೇ ಮುಚ್ಚಿಸಿದ್ದು. ಅಮ್ಮ ಸಾಯೋವರೆಗೂ ಹಾಗೇ ಹೇಳ್ತಿದ್ಲು. ಅವಳ ಮುಖ ನೋಡಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿದ್ಲು."

ಮೆರಿಯಲ್ ಸುಮ್ಮನಿರಬಹುದಿತ್ತು, ಆದರೆ ಸುಮ್ಮನೆ ಇರಲಿಲ್ಲ. ಇಡ್ವಲ್ ಮನೆಯ ಕಡೆ ಇಟ್ಟಿಗೆಯ ಸಂದುಗಳನ್ನು ಯಾರೋ ನೀಟಾಗಿ ತೀಡಿದ್ದರು. ಒಲ್ವೆನ್ ಕಡೆ ಹಿಂಡಿ ಹೊರಬಂದ ಗಾರೆ ಹಾಗೇ ಜೋತುಬಿದ್ದು ಗಟ್ಟಿಯಾಗಿತ್ತು. ಅದನ್ನು ಮರೆಮಾಡಲು ಒಂದು ಬೀರು ಇಟ್ಟಿದ್ದರು, ಅಷ್ಟೇ.

"ತಾತ, ಗಾರೆ ಕೆಲಸದವನು ನಿಂತಿದ್ದು ನಿಮ್ಮನೇಲಿ. ಮುಚ್ಚಿದ್ದು ನಿಮ್ಮ ಕಡೆಯಿಂದ."

ಇಡ್ವಲ್ ಆ ಗಾರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಅಂದರು: "ಚಿಕ್ಕಮ್ಮ ಕೊನೇ ಚಳಿಗಾಲ ಪೂರ್ತಿ ಕೆಮ್ಮಿದ್ಲು ಕಣಮ್ಮ. ಈ ಗೋಡೆಯಲ್ಲೇ ಕೇಳ್ತಿತ್ತು. ನಾನು ರೇಡಿಯೋ ಜೋರು ಮಾಡ್ತಿದ್ದೆ. ಮಣ್ಣಿಗೂ ಹೋಗಲಿಲ್ಲ."

ಅಕ್ಕತಂಗಿಯರು ಯಾಕೆ ಮುನಿದರೋ ಹೇಳಲು ಈಗ ಯಾರೂ ಉಳಿದಿಲ್ಲ. ಹೇಗೂ ಬೀಳುವ ಗೋಡೆ. ಯಂತ್ರ ಬರುವ ಹಿಂದಿನ ದಿನ ಮೆರಿಯಲ್ ಆ ಇಟ್ಟಿಗೆಗಳನ್ನು ಒಂದೊಂದಾಗಿ ಕೈಯಿಂದಲೇ ಕಿತ್ತರು. ಇಡ್ವಲ್ ಟೋಪಿ ತೆಗೆದು, ತಲೆ ಬಗ್ಗಿಸಿ ಆಚೆ ದಾಟಿದರು. ಚಿಕ್ಕಮ್ಮನ ತಣ್ಣನೆಯ ಒಲೆಯ ಮುಂದೆ ಕೈ ಚಾಚಿ ನಿಂತರು, ಬೆಂಕಿ ಉರಿಯುತ್ತಿರುವಂತೆ.

ತಿಂಗಳೊಳಗೆ ಅಲ್ಲಿ ರಸ್ತೆಗೆಂದು ಜಲ್ಲಿ ಸುರಿದಿದ್ದಾರೆ. ಮೆರಿಯಲ್ ಮುಂದಿನ ಊರಿನ ಸಾಲುಮನೆಗೆ ಹೊರಟಿದ್ದಾರೆ; ಅದಕ್ಕೂ ಕೆಡವುವ ಕೆಂಪು ಗುರುತು ಬಿದ್ದಿದೆ.

"ತಾತನಿಗೆ ಹೇಳಿದ್ದು ಸರಿಯೋ ತಪ್ಪೋ, ಇವತ್ತಿಗೂ ಗೊತ್ತಿಲ್ಲ. ಒಂದ್ಸಲ ಜನ ಇನ್ನೂ ಬದುಕಿರೋ ಮನೆ ನೋಡೋಕೆ ಕರೀಲಿ ಅಂತ ಆಸೆ. ಆಚೆ ಬದಿ ಏನಿದೆ ಅಂತ ಹೇಳಿದರೆ, ಕೇಳಿದೋರಿಗೆ ಎದ್ದು ಹೋಗಿ ಬಾಗಿಲು ತಟ್ಟೋಕೆ ಆಗಬೇಕು."