ಲಕೋಟೆ ಮಾವ ಮತ್ತು ಹಿಂದಿನ ಕ್ಯಾಮೆರಾ

ನನ್ನದು ಕಾರಿನ ಸಿಂಗಾರದ ಅಂಗಡಿ. ಸೀಟಿನ ಕವರು, ಕಾಲಡಿಯ ಮ್ಯಾಟು, ಹಾರನ್ನು, ಕಿಟಕಿಯ ಪರದೆ. ಕಾರು ಓಡಲು ಬೇಕಿಲ್ಲದ್ದು ಏನೇ ಇರಲಿ, ನನ್ನಲ್ಲಿ ಸಿಗುತ್ತದೆ. ಈಚೆಗೆ ಹೆಚ್ಚು ಹೋಗುವುದು ಕ್ಯಾಮೆರಾ. ಮುಂದಿನ ಗಾಜಿಗೊಂದು, ಹಿಂದಿನ ಗಾಜಿಗೊಂದು, ಎರಡಕ್ಕೂ ಕರೆಂಟು ನೇರವಾಗಿ ಕಾರಿನ ಫ್ಯೂಸ್ ಡಬ್ಬಿಯಿಂದ. "ಕಾರು ನಿಂತಿದ್ರೂ ಇದು ಕಣ್ಣು ಮುಚ್ಚಲ್ಲ ಸಾರ್, ಒಳಗಿನ ಮಾತೂ ಕೇಳಿಸ್ಕೊಳ್ಳುತ್ತೆ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಮಾರುವವನು ತಾನು ಹೇಳಿದ್ದನ್ನೆಲ್ಲ ತಾನೇ ನಂಬುತ್ತ ಕೂತರೆ ಅಂಗಡಿ ನಡೆಯುವುದಿಲ್ಲ. ಹಾಗಾಗಿ ನಾನು ನಂಬಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಮಾರುವವನು ನಾನು, ಕೂರಿಸುವವರು ಲಕೋಟೆ ಮಾವ. ಅವರು ನನಗೆ ಮಾವನಲ್ಲ, ಬೀದಿಗೆಲ್ಲ ಮಾವ. ಹತ್ತೊಂಬತ್ತು ವರ್ಷದಿಂದ ನನ್ನಲ್ಲಿ ವೈರಿಂಗ್ ಕೆಲಸ. ಅದಕ್ಕೂ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು. ತರುವವರೇ ಇಲ್ಲವಾದಾಗ ಕಾರಿಗೆ ಬಂದರು. "ಅದೂ ತಂತಿ, ಇದೂ ತಂತಿ. ಅದು ಮಾತಾಡ್ತಿತ್ತು, ಇದು ಓಡುತ್ತೆ, ಅಷ್ಟೇ" ಎನ್ನುತ್ತಾರೆ. ಸಣಕಲು ಆಳು. ಹಣೆಯ ಮೇಲೊಂದು ಕನ್ನಡಕ, ಕುತ್ತಿಗೆಯಲ್ಲೊಂದು ಕನ್ನಡಕ, ಹುಡುಕುವುದು ಮೂರನೆಯದನ್ನು.

ಅವರ ಕೆಲಸ ನೋಡಲು ತಾಳ್ಮೆ ಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟುವವರಲ್ಲ. ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬೆಣ್ಣೆಯೊಳಗೆ ಇಳಿಸುವ ಹಾಗೆ ಇಳಿಸಿ ಅಂಚು ಬಿಡಿಸುತ್ತಾರೆ. ತಂತಿ ಮೇಲ್ಚಾವಣಿಯ ಬಟ್ಟೆಯೊಳಗೆ ನುಸುಳಿ, ಗಾಜಿನ ಬದಿಯ ಕಂಬದ ಪಕ್ಕ ಇಳಿದು, ಏರ್‌ಬ್ಯಾಗ್ ಎನ್ನುವ ಗಾಳಿಚೀಲದ ಹಿಂದಿನಿಂದ ಹಾದು ಫ್ಯೂಸ್ ಡಬ್ಬಿ ಸೇರಬೇಕು. ಚೀಲದ ಮುಂದೆ ಹಾದರೆ ಅಪಘಾತದಲ್ಲಿ ತಂತಿಯೇ ಮುಖಕ್ಕೆ ಬಡಿಯುತ್ತದೆ ಎಂದು ನನಗೆ ಕಲಿಸಿದವರು ಅವರೇ. ಎಲ್ಲ ಮುಗಿದ ಮೇಲೆ ಕಾರಿಗೆ ಬೀಗ ಹಾಕಿ, ಹಿಂದಿನ ಬಂಪರನ್ನು ಅಂಗೈಯಿಂದ ತಟ್ಟಿ, ಎರಡೂ ಕ್ಯಾಮೆರಾ ಹಿಡಿದದ್ದನ್ನು ಮೊದಲಿಂದ ಕೊನೆಯವರೆಗೆ ನೋಡುತ್ತಾರೆ. ಆಮೇಲೆ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿರುವುದನ್ನೆಲ್ಲ ಅಳಿಸಿ ಗಿರಾಕಿಗೆ ಕೊಡುತ್ತಾರೆ. "ನಿಮ್ಮ ಕಥೆ ನಿಮ್ಮಿಂದ್ಲೇ ಶುರುವಾಗ್ಲಿ" ಎನ್ನುವುದು ವಾಡಿಕೆ.

ಲಕೋಟೆ ಎಂಬ ಹೆಸರು ಬಂದದ್ದು ಹೀಗೆ. ಕಾರಿನ ಹೊಟ್ಟೆ ಬಿಚ್ಚುವವನಿಗೆ ಏನೇನೋ ಸಿಗುತ್ತದೆ. ಒಂಟಿ ಓಲೆ, ಮಗುವಿನ ಕಾಲುಚೀಲ, ಯಾರಿಗೋ ಬರೆದು ಕೊಡದೆ ಬಿಟ್ಟ ರಾಜೀನಾಮೆ, ಒಮ್ಮೆ ಮೇಲ್ದವಡೆಯ ಪೂರ್ತಿ ಹಲ್ಲಿನ ಸೆಟ್ಟು. ಮಾವ ಅದನ್ನು ಲಕೋಟೆಗೆ ಹಾಕಿ, ಸಿಕ್ಕ ಜಾಗ ಮಾತ್ರ ಮೇಲೆ ಬರೆದು, ಅದೇ ದಿನ ಅದರ ಒಡೆಯರ ಕೈಗೇ ಕೊಡುತ್ತಾರೆ. ಹಲ್ಲಿನ ಲಕೋಟೆಯ ಮೇಲೆ "ಹಿಂದಿನ ಸೀಟು, ಎಡಗಡೆ" ಎಂದಿತ್ತು. ಕೇಳುವುದಿಲ್ಲ, ಹೇಳುವುದಿಲ್ಲ. ಮನೆಯಲ್ಲೂ ಹಾಗೆಯೇ ಇರಬೇಕು; ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ, "ಇವರ ಜೊತೆ ಸಂಸಾರ ಮಾಡೋದು ಒಂದೇ, ಬೀರು ಜೊತೆ ಮಾಡೋದು ಒಂದೇ. ಬೀರುಗಾದ್ರೂ ಕೀ ಇರುತ್ತೆ" ಎಂದಿದ್ದರು.

ಕೀ ಎಂದಾಗ ನೆನಪಾಯಿತು. ನನ್ನ ಅಂಗಡಿಯ ಪಕ್ಕದ ಗೋಡೆಗೆ ಒರಗಿ ಕೀ ಮಾಡುವವನು ಕೂರುತ್ತಾನೆ. ಗಾಜಿನ ಪೆಟ್ಟಿಗೆ, ಅದರೊಳಗೆ ಸಾಲಾಗಿ ನೇತುಬಿದ್ದ ಹಲ್ಲಿಲ್ಲದ ಕೀಗಳು, ಕೊರೆಯುವ ಸಣ್ಣ ಯಂತ್ರ. ಅವನ ಹೆಂಡತಿಯ ತಮ್ಮ ನೀರಿನ ಕ್ಯಾನಿನ ವ್ಯಾನು ಓಡಿಸುತ್ತಾನೆ. ಬೀದಿಗೆಲ್ಲ ಅವನು ಭಾಮೈದ. ಅಕ್ಕ ದಿನವೂ ಎರಡು ಊಟದ ಡಬ್ಬಿ ಕಳಿಸುತ್ತಿದ್ದಳು; ಭಾವ, ಭಾಮೈದ ಇಬ್ಬರೂ ನನ್ನ ಅಂಗಡಿಯ ಮೆಟ್ಟಿಲಲ್ಲಿ ಕೂತು, ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಕದ್ದು ತಿನ್ನುತ್ತಿದ್ದರು.

ಅವತ್ತು ಹಲ್ಲಿನ ಡಾಕ್ಟರಮ್ಮನ ಕಾರು ಬಂದಿತ್ತು. ಮಾವ ಎರಡೂ ಕ್ಯಾಮೆರಾ ಕೂರಿಸಿ, ಚಾಲೂ ಮಾಡಿ, ಊಟಕ್ಕೆ ಹೋದರು. ಕೀ ಮಾಡುವವನು ಯಾರದೋ ಮನೆಯ ಬೀಗ ತೆಗೆಯಲು ಹೋಗಿದ್ದ. ಅಷ್ಟರಲ್ಲಿ ದೊಡ್ಡ ಗಾಡಿಯ ಗಿರಾಕಿಯೊಬ್ಬ ಬಂದು ಜಾಗ ಬಿಡಿ ಎಂದು ಹಾರನ್ ಒತ್ತಿದ. ಡಾಕ್ಟರಮ್ಮನ ಕಾರಿನ ಕೀ ನನ್ನ ಕೈಯಲ್ಲೇ ಇತ್ತು. ಹತ್ತಿ ಕೂತೆ, ಹಿಂದಕ್ಕೆ ತೆಗೆದೆ. ಮೊದಲು ಟಕ್ ಎಂದಿತು. ಒಂದು ಕ್ಷಣ ಬಿಟ್ಟು ಝಲ್ಲೆಂದಿತು.

ಇಳಿದು ನೋಡಿದರೆ ಪೆಟ್ಟಿಗೆ ಮಗುಚಿ ಗಾಜು ಪುಡಿ, ಕೀಗಳು ಚೆಲ್ಲಾಪಿಲ್ಲಿ, ಯಂತ್ರ ಮಗ್ಗುಲಾಗಿ ಬಿದ್ದಿದೆ. ಬಂಪರಿಗೆ ಒಂದು ಗೆರೆಯಷ್ಟು ಧೂಳು ಮೆತ್ತಿತ್ತು, ಹೆಬ್ಬೆರಳಿಂದ ಒರೆಸಿದೆ. ಗಾಡಿಯ ಗಿರಾಕಿ ಫೋನಿನಲ್ಲಿ ಮುಳುಗಿದ್ದ. ಎದುರಿನ ದರ್ಜಿಯ ಅಂಗಡಿ ಅರ್ಧ ಮುಚ್ಚಿತ್ತು. ಕಾರನ್ನು ಆಚೆ ಬದಿಗೆ ನಿಲ್ಲಿಸಿ ಬಂದೆ.

ಹೇಳಬೇಕೆಂದೇ ಇದ್ದೆ. ಗಿರಾಕಿ ಹೋಗಲಿ ಎಂದು ಕಾದೆ. ಅವನು ಹೋಗುವಷ್ಟರಲ್ಲಿ ಭಾಮೈದನ ವ್ಯಾನು ಬಂದು, ನನಗೆ ಎರಡು ಕ್ಯಾನು ಇಳಿಸಿ, ಗೋಡೆಯ ಕಡೆ ನೋಡಲೂ ಬಿಡುವಿಲ್ಲದ ಅವಸರದಲ್ಲಿ ಹಿಂದಕ್ಕೆ ತಿರುಗಿಸಿಕೊಂಡು ಹೋಯಿತು. ಕೀ ಮಾಡುವವನು ಬಂದಾಗ ದರ್ಜಿ ಬಾಗಿಲು ಎತ್ತಿ, "ಈಗ ತಾನೇ ನಿನ್ನ ಭಾಮೈದ ರಿವರ್ಸ್ ತಗೊಂಡು ಹೋದ್ನಪ್ಪ" ಎಂದ. ಅಷ್ಟು ಸಾಕಾಯಿತು. ಭಾಮೈದ ಬೀದಿಯ ದೀಪದ ಕಂಬಕ್ಕೆ ಎರಡು ಸಲ ಗುದ್ದಿದವನು.

ಕೀ ಮಾಡುವವನು ನನ್ನನ್ನೂ ಕೇಳಿದ. "ನೀವು ಇಲ್ಲೇ ಇದ್ರಲ್ಲಣ್ಣ, ಏನಾದ್ರೂ ನೋಡಿದ್ರಾ?"

"ನಾನು ಗಿರಾಕಿ ಜೊತೆ ಇದ್ದೆ" ಎಂದೆ.

ಸುಳ್ಳಲ್ಲ. ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಸುಳ್ಳು ಹೇಳುವ ಅಗತ್ಯ ಬೀಳುವುದೇ ಕಡಿಮೆ.

ಸಂಜೆ ಮಾವ ಡಾಕ್ಟರಮ್ಮನ ಕಾರಿನಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದರು. ಬಂದು ಕಪಾಟಿನಿಂದ ಹೊಸ ಮೆಮೊರಿ ಕಾರ್ಡೊಂದನ್ನು ತೆಗೆದುಕೊಂಡರು. "ಇದ್ದ ಕಾರ್ಡ್ ಬದಲಾಯಿಸ್ತಿದ್ದೀನಿ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಅವತ್ತು ನನಗೆ ಯಾವ ಪ್ರಶ್ನೆಯೂ ಬೇಕಿರಲಿಲ್ಲ.

ಆಮೇಲಿನ ಮೂರು ವಾರ ನಾನು ಬಲು ಒಳ್ಳೆಯವನಾದೆ. ಕೀ ಮಾಡುವವನಿಗೆ ನನ್ನ ಹಳೆಯ ಮೇಜು ಕೊಟ್ಟೆ, ನನ್ನ ಅಂಗಡಿಯ ನೆರಳಿಗೇ ಕರೆದು ಕೂರಿಸಿದೆ. ಬಗ್ಗಿದ ಯಂತ್ರವನ್ನು ನನಗೆ ಗೊತ್ತಿರುವ ಲೇತ್ ಕೆಲಸದವನ ಹತ್ತಿರ ಕಳಿಸಿ ನೆಟ್ಟಗೆ ಮಾಡಿಸಿದೆ. ದರ್ಜಿ ಬಂದು, "ನಿಮ್ಮಂಥೋರು ಈ ಕಾಲದಲ್ಲಿ ಅಪರೂಪ" ಎಂದ. ಕೀ ಮಾಡುವವನು ಕಣ್ಣು ತುಂಬಿಕೊಂಡು, "ಸ್ವಂತದವನು ತಿರುಗಿ ನೋಡದೆ ಹೋದ, ನೀವು ಕೈ ಹಿಡಿದ್ರಿ" ಎಂದ. ಆ ಮಾತು ಗಂಟಲಿನ ಮೀನುಮುಳ್ಳಿನಂತೆ ಕೂತಿತು. ನುಂಗಲೂ ಆಗದು, ಉಗಿಯಲೂ ಆಗದು.

ಡಬ್ಬಿ ಒಂದೇ ಬರುತ್ತಿತ್ತು. ಭಾಮೈದ ಬೀದಿಯೊಳಗೆ ವ್ಯಾನು ತರುವುದನ್ನೇ ಬಿಟ್ಟ. ತಿರುವಿನಲ್ಲಿ ನಿಲ್ಲಿಸಿ, ಇಪ್ಪತ್ತು ಲೀಟರಿನ ಕ್ಯಾನನ್ನು ಹೆಗಲ ಮೇಲಿಟ್ಟು ನಡೆದು ಬರುತ್ತಿದ್ದ. ಭಾವನ ಮುಂದೆ ಹಾಯುವಾಗ ಕ್ಯಾನನ್ನು ಆ ಕಡೆಯ ಹೆಗಲಿಗೆ ಬದಲಿಸಿಕೊಳ್ಳುತ್ತಿದ್ದ, ಮುಖ ಕಾಣದ ಹಾಗೆ. ನಾನು ಅಂಗಡಿಯ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಅದರಿಂದ ಅವನ ಹೆಗಲಿಗೆ ವಾರಕ್ಕೆ ಒಂದು ಕ್ಯಾನು ಹಗುರವಾಯಿತೇನೋ. ಇಂಥ ಲೆಕ್ಕದಲ್ಲಿ ನಾನು ಜಾಣ.

ಮಾವನಲ್ಲೂ ಒಂದು ಬದಲಾವಣೆಯಿತ್ತು. ಬೆಳಿಗ್ಗೆ ಎರಡು ಲೋಟ ಟೀ ತಂದು ನನ್ನೆದುರು ಕೂತು ಕುಡಿಯುವವರು, ಈಗ ನನ್ನ ಲೋಟ ಇಟ್ಟು ತಮ್ಮದನ್ನು ಒಳಗೆ ಒಯ್ಯುತ್ತಿದ್ದರು. ವಯಸ್ಸಾಯಿತು, ಗದ್ದಲ ಆಗುವುದಿಲ್ಲವೇನೋ ಎಂದುಕೊಂಡೆ. ನಮ್ಮಿಬ್ಬರ ನಡುವೆ ಗದ್ದಲ ಮಾಡುವವನು ನಾನೊಬ್ಬನೇ.

ನಾಲ್ಕನೆಯ ವಾರದ ಮೊದಲ ದಿನ ಭಾಮೈದ ಅಂಗಡಿಗೆ ಬಂದ. ಹೆಗಲ ಮೇಲೆ ಕ್ಯಾನಿರಲಿಲ್ಲ, ವ್ಯಾನನ್ನು ಅಂಗಡಿಯ ಮುಂದೆಯೇ ತಂದು ನಿಲ್ಲಿಸಿದ್ದ.

"ಕ್ಯಾಮೆರಾ ಹಾಕಿಸ್ಬೇಕು" ಎಂದ.

"ನಿನಗೆ ಯಾಕೋ?"

"ನಾಳೆ ಇನ್ಯಾರದ್ದೋ ಪೆಟ್ಟಿಗೆ ಒಡೆಯುತ್ತೆ. ಆಗ ತೋರಿಸೋಕೆ ಒಂದು ಸಾಕ್ಷಿ ಬೇಡ್ವಾ? ನನ್ನ ಬಾಯಿ ಮಾತು ಅಕ್ಕನೇ ನಂಬಲಿಲ್ಲ." ಗಾಜಿನ ಕಪಾಟಿನಲ್ಲಿದ್ದ ಜೋಡಿ ಕ್ಯಾಮೆರಾ ನೋಡಿ, "ಹಿಂದಿನದು ಒಂದೇ ಕೊಡ್ತೀರಾ? ಮುಂದಿನದ್ರ ಬಗ್ಗೆ ನನ್ನ ಮೇಲೆ ಯಾರಿಗೂ ಅನುಮಾನ ಇಲ್ಲ" ಎಂದ.

ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಬಾಯಿ ಬಿಟ್ಟೆ ಕೂಡ. "ಎರಡೂ ಹಾಕಿಸ್ಕೋ, ಹಿಂದಿನದಕ್ಕೆ ದುಡ್ಡು ಬೇಡ" ಎಂದೆ. ಮಾವನನ್ನು ಕರೆದು, "ವ್ಯಾನಿಗೆ ಮುಂದೆ, ಹಿಂದೆ ಎರಡೂ ಕೂರಿಸಿ" ಎಂದೆ.

ಮಾವ ಮೊದಲು ಹಿಂದಿನ ತಂತಿ ಎಳೆಯಲು ಶುರು ಮಾಡಿದರು. ಭಾಮೈದ ವ್ಯಾನಿನ ಪಕ್ಕ ನಿಂತು, "ಮಾವ, ಇದು ನಿಜವಾಗ್ಲೂ ಎಲ್ಲಾ ಹಿಡಿಯುತ್ತಾ?" ಎಂದು ಕೇಳಿದ್ದು ನನಗೂ ಕೇಳಿಸಿತು. ಮಾವನ ಕೈ ನಿಂತಿತು. ಪ್ಲಾಸ್ಟಿಕ್ ಪಟ್ಟಿಯನ್ನು ಜೇಬಿಗೆ ಸಿಕ್ಕಿಸಿ ಒಳಗೆ ಬಂದರು. ತಮ್ಮ ಊಟದ ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಮುಂದಿಟ್ಟರು. ಅಂಚೆಲ್ಲ ಮುದುಡಿತ್ತು. ಮೇಲೆ ಅವರ ದುಂಡನೆಯ ಅಕ್ಷರ: "ಡಾಕ್ಟರಮ್ಮನ ಕಾರು, ಹಿಂದಿನ ಕ್ಯಾಮೆರಾ."

ಬಿಚ್ಚಿದೆ. ಒಳಗೆ ಅವತ್ತು ಬದಲಾಯಿಸಿದ ಮೆಮೊರಿ ಕಾರ್ಡು.

"ನೀವು ನೋಡಿದ್ರಾ?"

"ನೋಡೋದು ನನ್ನ ಕೆಲಸ ಅಲ್ವಾ."

"ಅವತ್ತೇ ಯಾಕೆ ಹೇಳಲಿಲ್ಲ ಮಾವ?"

"ನೀವೇ ಹೇಳ್ತೀರ ಅಂದ್ಕೊಂಡೆ. ನಾಳೆ ಹೇಳ್ತಾರೆ, ನಾಳಿದ್ದು ಹೇಳ್ತಾರೆ ಅಂತ ಮೂರು ವಾರ ಆಯ್ತು." ಹಣೆಯ ಮೇಲಿನ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಸಿಕ್ಕಿದ್ದನ್ನ ಅದೇ ದಿನ ಕೊಡೋನು ನಾನು. ಇದೊಂದನ್ನ ಇಟ್ಕೊಂಡೆ. ಆ ಹುಡುಗ ಕ್ಯಾನ್ ಹೊತ್ಕೊಂಡು ಬರೋದನ್ನ ನಾನೂ ದಿನಾ ನೋಡಿದೀನಿ. ತಪ್ಪಲ್ಲಿ ನನ್ನ ಪಾಲೂ ಇದೆ." ಲಕೋಟೆ ತೋರಿಸಿ, "ಅವನಿಗೆ ಬೇಕಿರೋ ಕ್ಯಾಮೆರಾ ಇದು. ಹೊಸದಲ್ಲ" ಎಂದರು.

ಹೊರಗೆ ಹೋಗಿ ತಂತಿ ಹಿಡಿದು ಮತ್ತೆ ಕೂತರು. ನನ್ನನ್ನು ಕಾಯಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಲಕೋಟೆ ಕೊಟ್ಟ ಮೇಲೆ ಅವರ ಕೆಲಸ ಮುಗಿಯಿತು.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಪೆಟ್ಟಿಗೆ ನಿಧಾನವಾಗಿ ದೊಡ್ಡದಾಗುತ್ತ ಬಂದು, ಅಲುಗಿ, ಮಾಯವಾಯಿತು. ಆಮೇಲೆ ನಾನು ಬಂದೆ, ಬಗ್ಗಿ ಬಂಪರು ಒರೆಸಿ ಹೋದೆ. ಮತ್ತೆ ಕಾರಿನ ಬಾಗಿಲು ಮುಚ್ಚಿದ ಸದ್ದು, ಅದರ ಹಿಂದೆಯೇ ನನ್ನ ದನಿ: "ಸದ್ಯ, ಯಾರೂ ನೋಡಲಿಲ್ಲ." ಒಳಗಿನ ಮಾತೂ ಕೇಳಿಸಿಕೊಳ್ಳುತ್ತದೆ ಎಂದು ಎಷ್ಟು ಜನಕ್ಕೆ ಹೇಳಿ ಮಾರಿದ್ದೆನೋ.

ಒಂದು ಗುಂಡಿ ಒತ್ತಿದರೆ ಎಲ್ಲ ಅಳಿಯುತ್ತಿತ್ತು. ಮಾವ ಯಾರಿಗೂ ಹೇಳುವವರಲ್ಲ. ಆದರೆ ನಾಳೆಯಿಂದ ಟೀ ಲೋಟ ಕೂಡ ಇಡುವವರಲ್ಲ. ಇನ್ನೊಂದು ದಾರಿಯೂ ಹೊಳೆಯಿತು: ದನಿ ನಿಲ್ಲಿಸಿ ಚಿತ್ರ ಮಾತ್ರ ತೋರಿಸುವುದು, ಅವಸರದಲ್ಲಿ ತಿಳಿಯಲಿಲ್ಲ ಎನ್ನುವುದು. ತಪ್ಪೊಪ್ಪಿಕೊಳ್ಳುವುದರಲ್ಲೂ ರಿಯಾಯಿತಿ ಹುಡುಕುವ ಬುದ್ಧಿ ನನ್ನದು. ದನಿಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಭಾವ, ಭಾಮೈದ ಇಬ್ಬರನ್ನೂ ಕೂಗಿದೆ. ಅವರು ಒಳಗೆ ಬಂದು ಒಬ್ಬರಿಗೊಬ್ಬರು ತಾಗದ ಹಾಗೆ ನಿಂತರು. ಬೆರಳು ತೆಗೆದು, ಮೊದಲಿಂದ ಹಾಕಿ ತೋರಿಸಿದೆ. ದನಿ ಇದ್ದ ಹಾಗೇ ಇತ್ತು.

ಕೀ ಮಾಡುವವನು ಎರಡು ಸಲ ನೋಡಿದ. ಭಾಮೈದ ಪರದೆ ನೋಡಲಿಲ್ಲ, ಭಾವನ ಮುಖ ನೋಡಿದ.

"ನಾನೇ ಒಡೆದದ್ದು" ಎಂದೆ. ಕಂಡದ್ದನ್ನು ಹೇಳಿದಂತಾಯಿತು, ಆದರೂ ಹೇಳಿದೆ. "ಅವತ್ತೇ ಹೇಳಬೇಕಿತ್ತು."

ಕೀ ಮಾಡುವವನು ಭಾಮೈದನ ಕಡೆ ತಿರುಗಿ, "ನಿನ್ನಕ್ಕನಿಗೆ ಏನಂತ ಹೇಳ್ಲೋ?" ಎಂದ.

"ನಾಳೆಯಿಂದ ಎರಡು ಡಬ್ಬಿ ಕಳ್ಸು ಅಂತ ಹೇಳು ಭಾವ. ಮಿಕ್ಕಿದ್ದು ಊಟ ಮಾಡ್ತಾ ನೋಡೋಣ."

"ಕ್ಯಾಮೆರಾ ಬೇಡ ಬಿಡು ಹಾಗಿದ್ರೆ" ಎಂದು ನಾನು ಸಣ್ಣ ದನಿಯಲ್ಲಿ ಹೇಳಿದೆ.

"ಬೇಡ ಯಾಕೆ? ಹಾಕಿ, ಪೂರ್ತಿ ದುಡ್ಡು ಕೊಟ್ಟೇ ಹಾಕಿಸ್ಕೋತೀನಿ" ಎಂದ ಭಾಮೈದ. "ಈ ಬೀದೀಲಿ ನೀವೂ ಕಾರು ಓಡಿಸ್ತೀರಲ್ಲ."

ಮರುದಿನ ಬೆಳಿಗ್ಗೆ ಬಾಗಿಲು ಎತ್ತುವಾಗ ನನ್ನ ಹಳೆಯ ಮೇಜು ಬಾಗಿಲಿಗೆ ಅಡ್ಡವಾಗಿತ್ತು, ಕೀ ಮಾಡುವವನು ಒರೆಸಿ ಇಟ್ಟಿದ್ದ. ಅವನು ತನ್ನ ಗೋಡೆಯ ಬಳಿ, ಬಿಸಿಲಿಗೇ ಹೋಗಿ ಕೂತಿದ್ದ. ಹೊಸ ಪೆಟ್ಟಿಗೆ ಮಾಡಿಸಿಕೊಡುತ್ತೇನೆ ಎಂದು ದರ್ಜಿಯ ಕೈಲಿ ಹೇಳಿ ಕಳಿಸಿದೆ. ಪೆಟ್ಟಿಗೆ ಬಂದರೆ ಬೇಡ ಅನ್ನುವುದಿಲ್ಲ ಎಂದು ಉತ್ತರ ಬಂತು. ಪೆಟ್ಟಿಗೆ ಬಂತು, ಅವನು ಬೇಡ ಅನ್ನಲಿಲ್ಲ, ಬೇರೆ ಏನೂ ಅನ್ನಲಿಲ್ಲ. ಮಧ್ಯಾಹ್ನ ಎರಡು ಡಬ್ಬಿ ಬರುತ್ತವೆ. ಅವರು ಈಗ ಊಟಕ್ಕೆ ಕೂರುವುದು ದರ್ಜಿಯ ಮೆಟ್ಟಿಲಲ್ಲಿ.

ಮಾತಾಡಿಸಲು ನನಗೆ ತಿಳಿದ ದಾರಿ ಒಂದೇ, ಗಿರಾಕಿಯಾಗಿ ಹೋಗುವುದು. ವಾರಕ್ಕೊಮ್ಮೆ ಅಂಗಡಿಯ ಬೀಗದ ಕೀ ಒಯ್ದು, "ಇದರದ್ದೊಂದು ಮಾಡಿಕೊಡು" ಎನ್ನುತ್ತೇನೆ. ಅವನು ತಲೆಯೆತ್ತದೆ ಕೊರೆದು, ಅರದಲ್ಲಿ ಉಜ್ಜಿ, ಕೈಗಿಡುತ್ತಾನೆ. ಕೆಲಸದಲ್ಲಿ ಒಂದು ಕೂದಲಷ್ಟೂ ಮೋಸವಿಲ್ಲ. ನನ್ನ ಗಲ್ಲಾದಲ್ಲಿ ಈಗ ಒಂದೇ ಬೀಗಕ್ಕೆ ಏಳು ಕೀ ಇವೆ.

ಲಕೋಟೆ ಮಾವ ಮತ್ತೆ ನನ್ನೆದುರು ಕೂತು ಟೀ ಕುಡಿಯುತ್ತಿದ್ದಾರೆ. ಆ ವಿಷಯ ಎತ್ತಿದವರಲ್ಲ. ಮೊನ್ನೆ ಚಿಲ್ಲರೆ ತೆಗೆಯಲು ಗಲ್ಲಾ ಎಳೆದು, ಕೀಗಳನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿದರು. ಅವನ್ನು ಹಾಕಲು ಲಕೋಟೆ ಹುಡುಕುತ್ತಾರೇನೋ ಎಂದು ನಾನು ಕಾದೆ. ಅವರು ಕೀಗಳನ್ನು ಅಲ್ಲೇ ಬಿಟ್ಟು ಗಲ್ಲಾ ಮುಚ್ಚಿದರು.

"ಮುಂದಿನ ವಾರದೊಳಗೆ ಬೀಗವನ್ನಾದ್ರೂ ಬದಲಾಯಿಸಿ" ಎಂದರು. "ಅದೇ ಕೀನ ಅವನು ಎಷ್ಟು ಸಲ ಮಾಡ್ತಾನೆ, ಪಾಪ."